ಕಾಲಕ್ಕೊಂದು ಓದು

ಬೇಸಾಯವನ್ನು ನಂಬಿದ ನಾಡಿನಲ್ಲಿ ಪ್ರತಿಯೊಂದು ಕೆಲಸಕ್ಕೂ ಅದರದೇ ಆದ ಕಾಲವುಂಟು. ಉಳುವುದಕ್ಕೆ ಒಂದು ಕಾಲ, ಬಿತ್ತುವುದಕ್ಕೆ ಒಂದು ಕಾಲ. ಕಳೆ ತೆಗೆಯುವುದಕ್ಕೆ, ಕೊಯ್ಯುವುದಕ್ಕೆ, ಕಣ ಮಾಡುವುದಕ್ಕೆ ಬೇರೆ ಬೇರೆ ಕಾಲಗಳು. ರೋಹಿಣಿ, ಮೃಗಶಿರ, ಆರ್ದ್ರಾ, ಪುಷ್ಯ ಎಂದು ಮಳೆಯ ನಕ್ಷತ್ರಗಳನ್ನು ಬೆರಳ ಮೇಲೆ ಎಣಿಸುವ ರೈತನು, ಕಾಲ ಮೀರಿ ಬಿತ್ತಿದ ಬೀಜ ಮೊಳೆತರೂ ತೆನೆಗಟ್ಟುವುದು ಕಷ್ಟವೆಂಬುದನ್ನು ಬಲ್ಲನು. ಆದರೆ ಓದಿಗೆ ಮಾತ್ರ ಇಂಥ ಕಾಲವೆಂಬುದಿಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಪಠ್ಯಪುಸ್ತಕವನ್ನು ಪರೀಕ್ಷೆಗಾಗಿ ಓದಬೇಕು, ಉಳಿದ ಪುಸ್ತಕಗಳನ್ನು ಬಿಡುವಾದಾಗ ಓದಬಹುದು ಎಂದು ಹಿರಿಯರೂ ಕಿರಿಯರೂ ತಿಳಿದಿದ್ದಾರೆ. ಆ ಬಿಡುವು ಬಹುಮಟ್ಟಿಗೆ ಬರುವುದೇ ಇಲ್ಲ. ಪ್ರಾಥಮಿಕ ಶಾಲೆಯ ಪುಸ್ತಕ ಭಂಡಾರವು ಊರಿನ ಋತುಗಳೊಡನೆ ಹೆಜ್ಜೆ ಹಾಕಿ ನಡೆದರೆ, ಓದಿಗೂ ಒಂದು ಕಾಲ ದೊರೆಯುತ್ತದೆ. ಕಾಲ ದೊರೆತ ಓದು ಮಕ್ಕಳಲ್ಲಿ ಬೇರೂರುತ್ತದೆ. ಇದು ಹೊಸ ಮಾತೂ ಅಲ್ಲ, ಹೊರಗಿನಿಂದ ಬಂದ ಮಾತೂ ಅಲ್ಲ.

ಕನ್ನಡ ನಾಡಿನ ಹಳೆಯ ಬದುಕನ್ನು ನೋಡಿದರೆ ಓದು ಕಾಲಬದ್ಧವಾಗಿಯೇ ನಡೆದುಬಂದಿರುವುದು ಕಾಣುತ್ತದೆ. ಮಳೆಗಾಲದಲ್ಲಿ ಸಂಜೆಗಳು ದೀರ್ಘವಾಗುತ್ತವೆ. ಹೊರಗಿನ ಓಡಾಟ ಕುಗ್ಗುತ್ತದೆ. ಶ್ರಾವಣ ಮಾಸ ಬಂತೆಂದರೆ ಗುಡಿಗಳಲ್ಲಿ, ಮಠಗಳಲ್ಲಿ, ಊರ ಹಿರಿಯರ ಪಡಸಾಲೆಗಳಲ್ಲಿ ಪುರಾಣ ಪಠನ ಮೊದಲಾಗುತ್ತಿತ್ತು. ಒಬ್ಬರು ರಾಗವಾಗಿ ಓದುವುದು, ಮತ್ತೊಬ್ಬರು ಅರ್ಥ ಹೇಳುವುದು, ಊರವರೆಲ್ಲ ಕುಳಿತು ಕೇಳುವುದು ವಾಡಿಕೆಯಾಗಿತ್ತು. ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿ ಭಾರತವೂ ಅಕ್ಷರ ಬಾರದವರ ನಾಲಗೆಯ ಮೇಲೂ ನಿಂತುದು ಹೀಗೆ. ಕರಾವಳಿಯಲ್ಲಿ ಮೇ ತಿಂಗಳ ಕೊನೆಯ ಹೊತ್ತಿಗೆ ಪತ್ತನಾಜೆ ಕಳೆದು ಯಕ್ಷಗಾನದ ಬಯಲಾಟಗಳು ನಿಂತರೆ, ಮಳೆಯ ತಿಂಗಳುಗಳಲ್ಲಿ ತಾಳಮದ್ದಳೆಯ ಕೂಟಗಳು ಕೂಡುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಹಾಡು ಮತ್ತು ಮಾತುಗಳೇ ಅಲ್ಲಿ ಎಲ್ಲವೂ. ಮಳೆ ಹೊರಗಿನ ಆಟವನ್ನು ನಿಲ್ಲಿಸಿದಾಗ ಜನ ಮಾತಿನ ಆಟವನ್ನು ಕಟ್ಟಿಕೊಂಡರು.

ಮಕ್ಕಳ ಓದಿಗೂ ಇಂಥ ಋತುಗಳಿದ್ದುವು. ಹಿಂದಿನ ಕಾಲದ ಕೂಲಿಮಠಗಳಲ್ಲಿ ಮಹಾನವಮಿಯ ದಿನಗಳು ಬಂದಾಗ ಅಯ್ಯಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗುತ್ತಿದ್ದರು. ಮಕ್ಕಳು ಚೌಪದಗಳನ್ನು ಹಾಡುತ್ತಿದ್ದರು. ಕರಾವಳಿಯಲ್ಲಿ ನವರಾತ್ರಿಯ ಕಾಲಕ್ಕೆ ಚಿಕ್ಕ ಹುಡುಗರು ಸಿಂಗರಿಸಿದ ಕೋಲುಗಳನ್ನು ಹಿಡಿದು ಮನೆಯಿಂದ ಮನೆಗೆ ಹೋಗಿ ಯಕ್ಷಗಾನ ಪ್ರಸಂಗದ ಮಾತುಗಳನ್ನು ಒಪ್ಪಿಸುವ ಹೂವಿನ ಕೋಲು ಎಂಬ ಪದ್ಧತಿಯುಂಟು. ವರ್ಷದ ಒಂದು ಗೊತ್ತಾದ ಕಾಲದಲ್ಲಿ ಮಗು ತಾನು ಕಲಿತುದನ್ನು ಊರಿನ ಮುಂದೆ ಇಡಬೇಕು, ಊರು ಅದನ್ನು ಕೇಳಿ ಮೆಚ್ಚಬೇಕು ಎಂಬುದು ಇದರ ಹಿಂದಿನ ತಿಳಿವಳಿಕೆ. ಯುಗಾದಿಯ ದಿನ ಊರು ಒಂದೆಡೆ ಕುಳಿತು ಪಂಚಾಂಗವನ್ನು ಕೇಳುತ್ತದೆ. ಹೊಸ ವರ್ಷ ಮೊದಲಾಗುವುದೇ ಒಂದು ಹೊತ್ತಗೆಯನ್ನು ಓದಿಸಿ ಕೇಳುವುದರಿಂದ.

ಪುಸ್ತಕಗಳ ಪಾಲನೆಗೂ ಕಾಲ ಗೊತ್ತಾಗಿತ್ತು. ಜೈನರು ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿ ಎಂದು ಆಚರಿಸುತ್ತಾರೆ. ಪುಷ್ಪದಂತ ಭೂತಬಲಿಗಳು ಷಟ್‌ಖಂಡಾಗಮವನ್ನು ಬರೆದು ಮುಗಿಸಿದುದರ ನೆನಪಿನ ದಿನವದು. ಅಂದು ಬಸದಿಗಳ ಗ್ರಂಥಗಳನ್ನು ಹೊರತೆಗೆದು, ಧೂಳು ಒರಸಿ, ಹೊಸ ವಸ್ತ್ರದಲ್ಲಿ ಸುತ್ತಿಡುವ ಸಂಪ್ರದಾಯವಿದೆ. ಮಳೆಗಾಲ ಕಾಲಿಡುವ ಹೊತ್ತಿನಲ್ಲಿಯೇ ಈ ದಿನ ಬರುವುದು ಗಮನಾರ್ಹ. ಆ ಮಹಾಗ್ರಂಥದ ತಾಳೆಗರಿಯ ಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯಲ್ಲಿ ಉಳಿದು ಬಂದುವು. ತೇವವೂ ಗೆದ್ದಲೂ ಹೆಚ್ಚಾಗಿರುವ ಸೀಮೆಯಲ್ಲಿ ಗರಿಗಳು ಉಳಿದುದು ಕೇವಲ ಭಕ್ತಿಯಿಂದಲ್ಲ. ಭಕ್ತಿಯೊಡನೆ ಕೂಡಿದ ಜಾಗರೂಕತೆಯಿಂದ.

ಹೀಗೆ ಓದು, ಒಪ್ಪಿಸುವಿಕೆ, ಪುಸ್ತಕದ ಪಾಲನೆ ಮೂರೂ ಋತುಚಕ್ರದಲ್ಲಿ ಸೇರಿಹೋಗಿದ್ದ ನಾಡಿನಲ್ಲಿ, ಇಂದು ಅನೇಕ ಪ್ರಾಥಮಿಕ ಶಾಲೆಗಳ ಪುಸ್ತಕಗಳಿಗೆ ಒಂದೇ ಋತು ಉಳಿದಿದೆ. ಅದು ಬೀಗದ ಋತು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು ಕಬ್ಬಿಣದ ಬೀರು, ಬೀರುವಿನೊಳಗೆ ಪುಸ್ತಕಗಳು, ಮೇಜಿನ ಒಳಗೆ ಬೀಗದ ಕೈ. ದಾಸ್ತಾನು ಪುಸ್ತಕದಲ್ಲಿ ಎಲ್ಲ ಪುಸ್ತಕಗಳ ಹೆಸರೂ ಸರಿಯಾಗಿ ನಮೂದಾಗಿರುತ್ತದೆ. ತಪಾಸಣೆಯ ದಿನ ಲೆಕ್ಕ ತಪ್ಪುವುದಿಲ್ಲ. ಆದರೆ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗೆ ಇಟ್ಟು, ವಿಜಯದಶಮಿಯ ದಿನ ಅವನ್ನು ತೆಗೆದು ಮತ್ತೆ ಓದಬೇಕೆಂಬುದು ಹಿರಿಯರ ಕಟ್ಟಳೆ. ಇಂಥ ಬೀರುವಿನಲ್ಲಿ ಪೂಜೆ ಮುಗಿಯುವುದೇ ಇಲ್ಲ. ಆ ಪುಸ್ತಕಗಳ ಪಾಲಿಗೆ ವಿಜಯದಶಮಿ ಬರುವುದೇ ಇಲ್ಲ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಶಿಯಾಳಿ ರಾಮಾಮೃತ ರಂಗನಾಥನ್ ಅವರು (1892–1972) ಗ್ರಂಥಾಲಯಗಳ ವಿಚಾರವಾಗಿ ಐದು ಸೂತ್ರಗಳನ್ನು ರೂಪಿಸಿ 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ಅಲ್ಲಿ 1962ರಲ್ಲಿ ಒಂದು ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು ಅವರ ಮೊದಲನೆಯ ಸೂತ್ರ. ಕೇಳುವುದಕ್ಕೆ ಇದು ತೀರ ಸರಳವಾದ ಮಾತು. ಆದರೆ ಮಧ್ಯಯುಗದ ಯೂರೋಪಿನಲ್ಲಿ ಪುಸ್ತಕಗಳನ್ನು ಕಪಾಟುಗಳಿಗೆ ಸರಪಳಿಯಿಂದ ಬಿಗಿಯುತ್ತಿದ್ದರು. ಆಗ ಅವು ಕೈಬರಹದ ದುಬಾರಿ ವಸ್ತುಗಳು, ಕಾಪಾಡುವುದೇ ಮುಖ್ಯವಾಗಿತ್ತು. ಅಚ್ಚಿನ ಯಂತ್ರ ಬಂದು ಪುಸ್ತಕ ಅಗ್ಗವಾದ ಮೇಲೂ ಸರಪಳಿಗಳು ಬಹುಕಾಲ ಉಳಿದುವು. ಆದರೂ ಆ ಸರಪಳಿಯ ಪುಸ್ತಕವನ್ನು ನಿಂತಲ್ಲೇ ತೆರೆದು ಓದಬಹುದಾಗಿತ್ತು. ಬೀಗ ಹಾಕಿದ ಬೀರುವಿನ ಪುಸ್ತಕಕ್ಕೆ ಅಷ್ಟು ಭಾಗ್ಯವೂ ಇಲ್ಲ.

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಪ್ರತಿಯೊಂದು ಶಾಲೆಯಲ್ಲಿಯೂ ಗ್ರಂಥಾಲಯವಿರಬೇಕು. ಅದರಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆಗಳು ಮತ್ತು ಎಲ್ಲ ವಿಷಯಗಳ ಪುಸ್ತಕಗಳು ಇರಬೇಕು. ಕಥೆಯ ಪುಸ್ತಕಗಳೂ ಇರಬೇಕು. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟನೆಯ ತರಗತಿಯವರೆಗೆ 220 ದಿನ ಶಾಲೆ ನಡೆಯಬೇಕೆಂದೂ ಅದೇ ಕಾಯಿದೆ ವಿಧಿಸಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ವಾರಕ್ಕೆ ಒಂದು ಅವಧಿಯನ್ನು ಗ್ರಂಥಾಲಯದ ಓದಿಗೆ ಮೀಸಲಿಡಬೇಕೆಂದು ಸೂಚಿಸಿತು. ಲೆಕ್ಕ ಹಾಕಿದರೆ ಒಂದು ಮಗುವಿಗೆ ವರ್ಷಕ್ಕೆ 30ಕ್ಕೂ ಮಿಕ್ಕ ಅವಧಿಗಳು ದೊರೆಯುತ್ತವೆ. ಪ್ರಶ್ನೆಯಿರುವುದು ಆ ಅವಧಿಗಳಲ್ಲಿ ಏನು ಮಾಡಬೇಕೆಂಬುದರಲ್ಲಿ. ಗೊತ್ತುಗುರಿಯಿಲ್ಲದ ಅವಧಿಯು ಒಂದೋ ಗಣಿತದ ಉಳಿದ ಪಾಠಕ್ಕೆ ಹೋಗುತ್ತದೆ, ಇಲ್ಲವೇ ಗಲಾಟೆಗೆ ಹೋಗುತ್ತದೆ. ಋತುವನ್ನು ಅನುಸರಿಸಿದ ಯೋಜನೆ ಬೇಕಾಗುವುದು ಇಲ್ಲಿಯೇ.

ಋತುವನ್ನೇ ಏಕೆ ಹಿಡಿಯಬೇಕು? ಮೊದಲನೆಯದಾಗಿ, ಚಿಕ್ಕ ಮಗುವಿಗೆ ಪದವೂ ಪದಾರ್ಥವೂ ಒಟ್ಟಿಗೆ ದೊರೆತಾಗ ಓದು ಸುಲಭವಾಗುತ್ತದೆ. ಹೊರಗೆ ಕಪ್ಪೆ ವಟಗುಟ್ಟುತ್ತಿರುವಾಗ ಕಪ್ಪೆಯ ಕಥೆಯನ್ನು ಓದಿದ ಮಗು ಸಂಜೆ ಗದ್ದೆಯ ಬದುವಿನ ಮೇಲೆ ಅದನ್ನು ಹುಡುಕಿಕೊಂಡು ಹೋಗುತ್ತದೆ. ಮರುದಿನ ಪುಸ್ತಕ ಹೇಳಿದುದು ನಿಜವೇ ಎಂದು ಮತ್ತೆ ಪುಸ್ತಕವನ್ನು ತೆರೆಯುತ್ತದೆ. ಎರಡನೆಯದಾಗಿ, ಋತು ಮರಳಿ ಬರುತ್ತದೆ. ಎರಡನೆಯ ತರಗತಿಯಲ್ಲಿ ಚಿತ್ರ ನೋಡಿ ನಕ್ಕ ಪುಸ್ತಕವನ್ನು ಮಗು ಮೂರನೆಯ ತರಗತಿಯ ಮಳೆಗಾಲದಲ್ಲಿ ತಾನೇ ಓದುತ್ತದೆ. ಐದನೆಯ ತರಗತಿಯಲ್ಲಿ ಚಿಕ್ಕವರಿಗೆ ಓದಿ ಹೇಳುತ್ತದೆ. ತನ್ನ ಬೆಳವಣಿಗೆಯನ್ನು ತಾನೇ ಅಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಮೂರನೆಯದಾಗಿ, ಇದು ಬಡ ಶಾಲೆಗೂ ಎಟುಕುವ ಮಾರ್ಗ. ಒಂದು ಶಾಲೆಯಲ್ಲಿ 240 ಪುಸ್ತಕಗಳಿವೆ ಎಂದುಕೊಂಡರೆ, ಆರು ಋತುಗಳಿಗೆ ಹಂಚಿದಾಗ ಒಂದೊಂದಕ್ಕೆ 40 ಪುಸ್ತಕಗಳಾಗುತ್ತವೆ. ನಲವತ್ತು ಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ತರಗತಿಗೆ ಒಯ್ಯಬಹುದು. ಎರಡು ತಿಂಗಳ ಮೇಲೆ ಪೆಟ್ಟಿಗೆ ಬದಲಾದಾಗ ಮಕ್ಕಳಿಗೆ ಹೊಸ ಭಂಡಾರವೇ ಬಂದಂತೆ ತೋರುತ್ತದೆ.

ಹೊಸ ಶಾಲಾ ವರ್ಷ ಮುಂಗಾರಿನೊಡನೆ ಮೊದಲಾಗುತ್ತದೆ. ಆ ವೇಳೆಗೆ ಕಲಿಸಬೇಕಾದ ಮೊದಲ ಪಾಠ ಪುಸ್ತಕವನ್ನು ಹಿಡಿಯುವ ಬಗೆ. ಒದ್ದೆ ಕೈಯಿಂದ ಹಾಳೆ ಮುಟ್ಟಬಾರದು, ಹಾಳೆಯ ಮೂಲೆ ಮಡಿಸಬಾರದು, ಪುಸ್ತಕದ ನಡುವೆ ಬೇವಿನ ಎಲೆಯನ್ನಿಟ್ಟರೆ ಹುಳು ಹತ್ತುವುದು ಕಡಿಮೆ ಎಂಬುದನ್ನು ಮಕ್ಕಳು ಮಾಡುತ್ತಲೇ ಕಲಿಯಬೇಕು. ಅನಂತರ ಮಳೆಯ ಪುಸ್ತಕಗಳು. ಪಂಜೆ ಮಂಗೇಶರಾಯರು (1874–1937) ಗಾಳಿಯ ಆಟವನ್ನು ಕುರಿತು ಬರೆದ ಪದ್ಯವನ್ನು ಗಾಳಿ ಬೀಸುವ ತಿಂಗಳಲ್ಲಿಯೇ ಹಾಡಿಸಬೇಕು; ಮೇಲಿನ ತರಗತಿಯವರಿಗೆ ಬೇಂದ್ರೆಯವರ ಶ್ರಾವಣದ ಕವಿತೆಗಳ ಪರಿಚಯವಾಗಬೇಕು. ನೆಟ್ಟಗಿನ ಗೋಡೆಯ ಒಂದು ಪಾತ್ರೆಯನ್ನು ಅಂಗಳದಲ್ಲಿಟ್ಟು, ಸುರಿದ ಮಳೆಯನ್ನು ಅಳತೆಪಟ್ಟಿಯಿಂದ ಅಳೆದು, ದಿನದಿನದ ಲೆಕ್ಕವನ್ನು ಗ್ರಂಥಾಲಯದ ಗೋಡೆಯ ಮೇಲೆ ಬರೆಯಬೇಕು. ಅಜ್ಜ ಅಜ್ಜಿಯರಿಂದ ಮಳೆಯ ನಕ್ಷತ್ರಗಳ ಗಾದೆಗಳನ್ನು ಕೇಳಿ ತಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಶಾಲೆಯ ಬೀರುವಿಗೆ ಮಕ್ಕಳೇ ಬರೆದ ಗ್ರಂಥವೊಂದು ಸೇರುತ್ತದೆ. ಗಾದೆ ಹೇಳಿದುದಕ್ಕೂ ಪಾತ್ರೆ ಅಳೆದುದಕ್ಕೂ ಹೊಂದಿಕೆಯಿದೆಯೇ ಎಂದು ನೋಡುವುದು ವಿಜ್ಞಾನದ ಮೊದಲ ಮೆಟ್ಟಿಲು.

ಶರತ್ಕಾಲ ಒಪ್ಪಿಸುವಿಕೆಯ ಕಾಲ. ಹೂವಿನ ಕೋಲಿನ ಮಕ್ಕಳಂತೆ, ಮೂರು ತಿಂಗಳಲ್ಲಿ ಓದಿದುದನ್ನು ಮಕ್ಕಳು ಊರಿನ ಮುಂದೆ ಇಡುವುದಕ್ಕೆ ದಸರೆಯ ಬಿಡುವಿನ ಹಿಂದಿನ ವಾರ ತಕ್ಕದ್ದು. ಓದಿದ ಕಥೆಯನ್ನು ಹೇಳಬಹುದು, ಆಡಿ ತೋರಿಸಬಹುದು; ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿಯಂಥ ಕಥನಕವನವನ್ನು ಇಡೀ ತರಗತಿ ಕೂಡಿ ಅಭಿನಯಿಸಬಹುದು. ಮಳೆ ಕಳೆದು ಬಿಸಿಲು ಕಾಯುವ ಈ ದಿನಗಳಲ್ಲಿ ತೇವ ಹಿಡಿದ ಪುಸ್ತಕಗಳನ್ನು ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹರಡಿ, ಹರಿದುದನ್ನು ಅಂಟಿಸಿ, ಹೊದಿಕೆ ಹಾಕುವುದೂ ಮಕ್ಕಳ ಕೆಲಸವಾಗಲಿ. ತಾನು ಅಂಟಿಸಿದ ಪುಸ್ತಕವನ್ನು ಯಾವ ಮಗುವೂ ಹರಿಯುವುದಿಲ್ಲ.

ನವೆಂಬರ್ ತಿಂಗಳು ಪುಸ್ತಕಗಳಿಗೆ ಹಬ್ಬದ ತಿಂಗಳು. ಮೊದಲನೆಯ ದಿನ ರಾಜ್ಯೋತ್ಸವ. 14ರಂದು ಮಕ್ಕಳ ದಿನಾಚರಣೆ. ಅಂದಿನಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಶಾಲೆಯ ಮಕ್ಕಳು ಊರಿನ ಗ್ರಂಥಾಲಯವನ್ನು ಕಾಣಲು ಇದೇ ಸಮಯ. ಕರ್ನಾಟಕದಲ್ಲಿ 2020ರ ನವೆಂಬರ್ 14ರಂದು ಓದುವ ಬೆಳಕು ಎಂಬ ಕಾರ್ಯಕ್ರಮ ಆರಂಭವಾಗಿ, ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ಏರ್ಪಾಡಾಯಿತು. ಶಾಲೆಗಳು ಬಾಗಿಲು ಮುಚ್ಚಿದ್ದ ಕೋವಿಡ್ ಕಾಲದಲ್ಲಿ ಮಕ್ಕಳಿಗೆ ತೆರೆದ ಬಾಗಿಲು ಅದಾಗಿತ್ತು. ಸೂಚಿಪತ್ರವನ್ನು ನೋಡುವುದು, ವಿಷಯಾನುಕ್ರಮಣಿಕೆಯನ್ನು ಬಳಸುವುದು, ನಿಘಂಟಿನಲ್ಲಿ ಅಕಾರಾದಿಯಾಗಿ ಪದವನ್ನು ಹುಡುಕುವುದು ಇವನ್ನೆಲ್ಲ ಆ ವಾರದಲ್ಲಿ ಆಟದ ರೂಪದಲ್ಲಿ ಕಲಿಸಬಹುದು.

ಹೇಮಂತದಲ್ಲಿ ಆಕಾಶವೇ ಪಾಠವನ್ನು ಹೊತ್ತು ತರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಧ್ಯ ಏಷ್ಯದ ಕಡೆಯಿಂದ ಹಿಮಾಲಯವನ್ನು ದಾಟಿ, ತಲೆಯ ಮೇಲೆ ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಬಂದಿಳಿಯುತ್ತವೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಮರಗಳ ಮೇಲೆ ಗೂಡು ಕಟ್ಟುತ್ತವೆ. ಇಂಥ ಊರಿನ ಶಾಲೆಯಲ್ಲಿ ಹಕ್ಕಿಗಳ ಪುಸ್ತಕವನ್ನು ಡಿಸೆಂಬರಿನಲ್ಲಿ ತೆರೆಯದೆ ಮತ್ತಾವಾಗ ತೆರೆಯಬೇಕು? ಪುಸ್ತಕದಲ್ಲಿ ಕಂಡ ಹಕ್ಕಿಯನ್ನು ಕೆರೆಯಲ್ಲಿ ಗುರುತಿಸಿ, ಭೂಪಟದ ಮೇಲೆ ಅದರ ದಾರಿಯನ್ನು ಗೆರೆ ಎಳೆದು ತೋರಿಸುವ ಮಗು ಭೂಗೋಳವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮಕ್ಕಳಿಗೆ ಜಗತ್ತನ್ನು ಪರಿಚಯಿಸುವುದಕ್ಕೆಂದೇ ಬಾಲಪ್ರಪಂಚದ ಸಂಪುಟಗಳನ್ನು ರಚಿಸಿದ ಶಿವರಾಮ ಕಾರಂತರು (1902–1997) ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಮಾಡಿದ ಪ್ರಯೋಗಗಳು ನೋಡಿ ಕಲಿಯುವ ಈ ದಾರಿಯವೇ ಆಗಿದ್ದುವು.

ಸಂಕ್ರಾಂತಿ ಸುಗ್ಗಿಯ ಹಬ್ಬ, ಹಂಚಿಕೊಳ್ಳುವ ಹಬ್ಬ. ಎಳ್ಳು ಬೀರುವ ಮಕ್ಕಳು ಅದರೊಡನೆ ತಾವು ಓದಿದ ಒಂದು ಕಥೆಯನ್ನೂ ಬೀರಿದರೆ ಹಬ್ಬಕ್ಕೆ ಕುಂದೇನೂ ಬಾರದು. ಕ್ರಿಸ್‌ಮಸ್ಸಿನ ಹೊತ್ತಿಗೆ, ರಂಜಾನಿನ ಹೊತ್ತಿಗೆ ಆಯಾ ಮನೆಗಳ ಮಕ್ಕಳು ತಮ್ಮ ಹಬ್ಬದ ಅಡುಗೆ, ಆಚಾರ, ಕಥೆಗಳನ್ನು ಓದಿ ಹೇಳಲಿ. ಚಂದ್ರನನ್ನು ಅನುಸರಿಸುವ ರಂಜಾನು ವರ್ಷ ವರ್ಷವೂ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಅದು ಏಕೆ ಹಾಗೆ ಎಂಬ ಪ್ರಶ್ನೆಯೊಂದೇ ಮಕ್ಕಳನ್ನು ಚಂದ್ರನ ಮೇಲಿನ ಪುಸ್ತಕಕ್ಕೆ ಕರೆದೊಯ್ಯಬಲ್ಲುದು. ನೆರೆಮನೆಯ ಹಬ್ಬವನ್ನು ಓದಿ ತಿಳಿದ ಮಗು ನೆರೆಯವನನ್ನು ಪರಕೀಯನೆಂದು ಎಣಿಸುವುದಿಲ್ಲ.

ಉಳಿದುದು ಬೇಸಗೆ. ಏಪ್ರಿಲಿನಲ್ಲಿ ಪರೀಕ್ಷೆ ಮುಗಿದೊಡನೆ ಬೀರುವಿಗೆ ಬೀಗ ಬೀಳುತ್ತದೆ. ಓದುವುದಕ್ಕೆ ಅತಿ ಹೆಚ್ಚು ಬಿಡುವಿರುವ ಏಳೆಂಟು ವಾರಗಳಲ್ಲಿಯೇ ಮಕ್ಕಳ ಕೈಯಲ್ಲಿ ಪುಸ್ತಕವಿರುವುದಿಲ್ಲ. ಇದರ ನಷ್ಟ ಸಣ್ಣದಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೇನ್ಸ್ ಅವರು ಅಟ್ಲಾಂಟಾ ನಗರದ ಮಕ್ಕಳ ಬೇಸಗೆಯ ಕಲಿಕೆಯನ್ನು ಅಧ್ಯಯನ ಮಾಡಿ 1978ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಉಳ್ಳವರ ಮಕ್ಕಳಿಗೂ ಬಡವರ ಮಕ್ಕಳಿಗೂ ನಡುವಣ ಅಂತರ ಶಾಲೆ ನಡೆಯುವಾಗ ಬೆಳೆಯುವುದಕ್ಕಿಂತ ಹೆಚ್ಚಾಗಿ ರಜೆಯಲ್ಲಿ ಬೆಳೆಯುತ್ತದೆ, ಬೇಸಗೆಯಲ್ಲಿ ಪುಸ್ತಕಗಳನ್ನು ಓದಿದ ಮಕ್ಕಳು ಕಲಿಕೆಯಲ್ಲಿ ಮುಂದೆ ಹೋಗುತ್ತಾರೆ ಎಂಬುದು ಅವರು ಕಂಡುಕೊಂಡ ಅಂಶ. ಕನ್ನಡ ನಾಡಿನ ಮಕ್ಕಳಿಗೂ ಈ ಮಾತು ಸಲ್ಲುವುದೆಂದು ತಿಳಿಯಲು ತುಂಬ ಯೋಚಿಸಬೇಕಾಗಿಲ್ಲ. ಮನೆಯಲ್ಲಿ ಪುಸ್ತಕವಿರುವ ಮಗುವಿಗೆ ರಜೆ ಓದಿನ ಕಾಲ. ಇಲ್ಲದ ಮಗುವಿಗೆ ಅದು ಮರೆವಿನ ಕಾಲ.

ಬೇಸಗೆಯ ಓದಿಗೆ ಭಾರತದಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. 1928ರ ಬೇಸಗೆಯಲ್ಲಿ ಹತ್ತು ವರ್ಷದ ಬಾಲಕಿ ಇಂದಿರಾ ಮಸ್ಸೂರಿಯ ಬೆಟ್ಟದಲ್ಲಿದ್ದಳು. ತಂದೆ ಜವಾಹರಲಾಲ್ ನೆಹರೂ ಅವರು ಕೆಳಗೆ ಬಯಲು ಸೀಮೆಯಲ್ಲಿದ್ದರು. ಅವರು ಮಗಳಿಗೆ ಸಾಲು ಸಾಲಾಗಿ ಪತ್ರಗಳನ್ನು ಬರೆದು ಭೂಮಿಯ ಹುಟ್ಟು, ಬಂಡೆಗಳು, ಮೊದಲ ಜೀವಿಗಳು, ಆದಿಮಾನವರು ಇವರ ಕಥೆಯನ್ನು ತಿಳಿಸಿದರು. ಮರುವರ್ಷ ಆ ಪತ್ರಗಳು ಪುಸ್ತಕವಾಗಿ ಬಂದುವು. ಒಂದು ಬೇಸಗೆ, ಒಂದು ಮಗು, ಕೆಲವು ಕಾಗದಗಳು: ಇಷ್ಟರಿಂದಲೇ ಒಂದು ಪುಸ್ತಕವಾಯಿತು. ಪ್ರತಿಯೊಂದು ಮಗುವಿಗೂ ನೆಹರೂ ಅವರಂಥ ತಂದೆ ದೊರೆಯಲಾರರು; ಆದರೆ ಪ್ರತಿಯೊಂದು ಮಗುವಿನ ಕೈಯಲ್ಲಿಯೂ ರಜೆಗೆ ಹೋಗುವಾಗ ಮೂರು ಪುಸ್ತಕಗಳನ್ನು ಇಡುವುದು ಯಾವ ಶಾಲೆಗೂ ಅಸಾಧ್ಯವಲ್ಲ.

ಇನ್ನು ಕೆಲವು ಮಕ್ಕಳ ಪಾಲಿಗೆ ಋತು ಬೇರೆಯದೇ ಅರ್ಥವನ್ನು ಪಡೆದಿದೆ. ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳ ಒಣ ಸೀಮೆಗಳಲ್ಲಿ ಮಳೆಯ ಬೆಳೆ ಮುಗಿದ ಮೇಲೆ ಅನೇಕ ಸಂಸಾರಗಳು ಕೂಲಿಯನ್ನು ಅರಸಿ ದೂರದ ನಗರಗಳಿಗೆ ಗುಳೆ ಹೋಗುತ್ತವೆ. ಕಬ್ಬು ಕಡಿಯುವ ಗುಂಪುಗಳು ಸಕ್ಕರೆ ಕಾರ್ಖಾನೆಗಳ ಸುತ್ತಲಿನ ಹೊಲಗಳಲ್ಲಿ ತಿಂಗಳುಗಟ್ಟಲೆ ಗುಡಿಸಲು ಹಾಕಿಕೊಂಡಿರುತ್ತವೆ. ಜೊತೆಯಲ್ಲಿ ಹೋದ ಮಕ್ಕಳಿಗೆ ಶಾಲೆಯ ವರ್ಷ ನಡುವೆಯೇ ಮುರಿದುಹೋಗುತ್ತದೆ. ಮರಳಿ ಬಂದಾಗ ಅಕ್ಷರಗಳು ಮಸುಕಾಗಿರುತ್ತವೆ. ನಾಚಿಕೆಯಿಂದ ಹಿಂದಿನ ಸಾಲಿನಲ್ಲಿ ಕುಳಿತ ಮಗು ಕ್ರಮೇಣ ಶಾಲೆಯನ್ನೇ ಬಿಡುತ್ತದೆ. ಋತುಗಳನ್ನು ಬಲ್ಲ ಗ್ರಂಥಾಲಯವು ಈ ಹೊರಡುವ ಋತುವನ್ನೂ ಬಲ್ಲುದಾಗಿರಬೇಕು. ಗುಳೆ ಹೋಗುವ ಮಗುವಿನ ಗಂಟಿನಲ್ಲಿ ನಾಲ್ಕು ಪುಸ್ತಕಗಳನ್ನು ಕಟ್ಟಿಕೊಡಬೇಕು. ಅವು ಮರಳಿ ಬಾರದೆ ಹೋದರೂ ಚಿಂತೆಯಿಲ್ಲವೆಂದು ಶಾಲೆ ತೀರ್ಮಾನಿಸಬೇಕು. ನಾಲ್ಕು ಪುಸ್ತಕಗಳ ಬೆಲೆಯನ್ನು ದಾಸ್ತಾನಿನಿಂದ ಕಳೆಯಬಹುದು. ಓದು ಮರೆತ ಮಗುವಿನ ನಷ್ಟವನ್ನು ಯಾವ ದಾಸ್ತಾನು ಪುಸ್ತಕವೂ ತೋರಿಸುವುದಿಲ್ಲ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮಕ್ಕಳ ಕೈಗೆ ಕೊಟ್ಟರೆ ಪುಸ್ತಕಗಳು ಹರಿಯುತ್ತವೆ, ಕಳೆದುಹೋಗುತ್ತವೆ, ಅದಕ್ಕೆ ಉಪಾಧ್ಯಾಯರು ಉತ್ತರ ಹೇಳಬೇಕಾಗುತ್ತದೆ ಎಂಬುದು ಮೊದಲನೆಯದು. ಈ ಭಯ ಸುಳ್ಳಲ್ಲ. ಹೊಣೆಯನ್ನು ಒಬ್ಬ ಉಪಾಧ್ಯಾಯರ ತಲೆಗೆ ಕಟ್ಟುವ ಪದ್ಧತಿಯಿರುವವರೆಗೆ ಅವರು ಬೀಗ ಹಾಕುವುದು ಸಹಜ. ಆದುದರಿಂದ ತಪಾಸಣೆಗೆ ಬರುವ ಅಧಿಕಾರಿಗಳು ಕೇಳುವ ಪ್ರಶ್ನೆ ಬದಲಾಗಬೇಕು. ಎಷ್ಟು ಪುಸ್ತಕಗಳಿವೆ ಎಂದು ಕೇಳುವ ಬದಲು ಎಷ್ಟು ಪುಸ್ತಕಗಳು ಬಳಕೆಯಿಂದ ಸವೆದಿವೆ ಎಂದು ಕೇಳಿದರೆ ಬೀಗಗಳು ತಾವಾಗಿಯೇ ಸಡಿಲುತ್ತವೆ. ಸವೆದ ಪುಸ್ತಕ ತನ್ನ ಕೆಲಸವನ್ನು ಮಾಡಿದೆ. ಹೊಸದಾಗಿಯೇ ಹಳೆಯದಾದ ಪುಸ್ತಕ ಮಾಡಿಲ್ಲ.

ಒಬ್ಬರೋ ಇಬ್ಬರೋ ಉಪಾಧ್ಯಾಯರಿರುವ ಶಾಲೆಯಲ್ಲಿ ಇಷ್ಟೆಲ್ಲ ಮಾಡಲು ಸಮಯವೆಲ್ಲಿದೆ ಎಂಬುದು ಎರಡನೆಯ ಆಕ್ಷೇಪ. ಪ್ರಾಥಮಿಕ ಶಾಲೆಗಳಿಗೆ ಪ್ರತ್ಯೇಕ ಗ್ರಂಥಪಾಲಕರು ಸಾಮಾನ್ಯವಾಗಿ ಇಲ್ಲದಿರುವಾಗ ಈ ಮಾತಿಗೆ ತೂಕವಿದೆ. ಆದರೆ ಋತುವಿನ ಯೋಜನೆ ಹೊರೆಯನ್ನು ಹೆಚ್ಚಿಸುವುದಿಲ್ಲ, ಹಂಚುತ್ತದೆ. ಒಮ್ಮೆ ಆರು ಪೆಟ್ಟಿಗೆಗಳನ್ನು ಅಣಿಗೊಳಿಸಿದರೆ ಅವು ಮುಂದಿನ ವರ್ಷಕ್ಕೂ ಬರುತ್ತವೆ. ಪುಸ್ತಕ ಕೊಡುವ, ಪಡೆಯುವ ಲೆಕ್ಕವನ್ನು ಮೇಲಿನ ತರಗತಿಯ ಮಕ್ಕಳು ಸೊಗಸಾಗಿ ನಡೆಸಬಲ್ಲರು. 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಹೊತ್ತು ಸಂಚಾರಿ ಗ್ರಂಥಾಲಯವೊಂದು ಹೊರಟಿತು. ಗಾಡಿ ಎಳೆಯಲು ಎತ್ತು ಸಾಕಾದ ಕಾಲದಲ್ಲಿ ನಡೆದ ಕೆಲಸ, ಪುಸ್ತಕಗಳು ಕೈಯಳತೆಯಲ್ಲಿಯೇ ಇರುವ ಕಾಲದಲ್ಲಿ ನಡೆಯದೆಂದು ಹೇಳುವುದು ಒಪ್ಪತಕ್ಕ ಮಾತಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದುದು. ಋತುವಿನ ಹೆಸರಿನಲ್ಲಿ ಬಣ್ಣದ ಕಾಗದ, ತೋರಣ, ಭಾಷಣಗಳು ಮುಂದಾಗಿ ಓದು ಹಿಂದೆ ಬೀಳಬಹುದು. ಮಗುವಿನ ಓದು ತನ್ನ ಊರಿನ ಮಳೆ ಬಿಸಿಲುಗಳಿಗೇ ಸೀಮಿತವಾಗಬಹುದು. ಮೊದಲನೆಯ ಅಪಾಯಕ್ಕೆ ಮದ್ದು ಒಂದೇ: ಯಾವ ಚಟುವಟಿಕೆಯೇ ಆಗಲಿ ಪುಸ್ತಕವನ್ನು ತೆರೆಯುವುದರಿಂದ ಮೊದಲಾಗಬೇಕು, ಇಲ್ಲವೇ ಪುಸ್ತಕವನ್ನು ತೆರೆಯುವುದರಲ್ಲಿ ಮುಗಿಯಬೇಕು. ಎರಡನೆಯದಕ್ಕೆ ಉತ್ತರ, ಋತು ಓದಿಗೆ ಬಾಗಿಲೇ ಹೊರತು ಗೋಡೆಯಲ್ಲ. ವಿಜಯಪುರದ ಮಗು ತನ್ನ ಊರಿನ ಬಿಸಿಲಿನಿಂದ ಹೊರಟು ಮರುಭೂಮಿಯನ್ನೂ, ಅಲ್ಲಿಂದ ಹಿಮದ ನಾಡನ್ನೂ ಸೇರಬೇಕು. ಕೊಡಗಿನ ಮಗು ತನ್ನ ಮಳೆಯಿಂದ ಕಡಲಿಗೆ ಇಳಿಯಬೇಕು. ದೇಶ ಸುತ್ತು, ಕೋಶ ಓದು ಎಂಬ ಗಾದೆಯಲ್ಲಿ ದೇಶವೇ ಮೊದಲು ಬಂದಿದೆ. ಕಣ್ಣ ಮುಂದಿನ ನೆಲವನ್ನು ಕಂಡವನಿಗೆ ಕೋಶ ಹೆಚ್ಚು ಮಾತನಾಡುತ್ತದೆ.

ಈ ಕಾರ್ಯದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಒಂದು ಪಾಲುಂಟು. ಅವರು ತಾವು ಕಲಿತ ಪ್ರಾಥಮಿಕ ಶಾಲೆಯನ್ನು ಬಿಟ್ಟು ಬಹಳ ಕಾಲವಾಗಿರುವುದಿಲ್ಲ. ಅಲ್ಲಿಯ ಬೀರು ಎಲ್ಲಿದೆ, ಅದರಲ್ಲಿ ಏನಿದೆ ಎಂಬುದು ಅವರಿಗೆ ನೆನಪಿರುತ್ತದೆ. ವಾರಕ್ಕೆ ಒಂದು ಸಂಜೆ ಅಂಥ ಶಾಲೆಯ ಜಗುಲಿಯಲ್ಲಿ ಹತ್ತು ಮಕ್ಕಳನ್ನು ಕೂರಿಸಿಕೊಂಡು ಒಂದು ಕಥೆಯನ್ನು ಗಟ್ಟಿಯಾಗಿ ಓದಿ ಹೇಳುವುದಕ್ಕೆ ಹಣ ಬೇಕಾಗಿಲ್ಲ, ಪದವಿಯೂ ಬೇಕಾಗಿಲ್ಲ. ಹೇಳಿಕೊಡುವವನು ಎರಡು ಬಾರಿ ಕಲಿಯುತ್ತಾನೆ. ಚಿಕ್ಕವರಿಗಾಗಿ ಓದುವ ಹುಡುಗ ಹುಡುಗಿಯರ ಓದೂ ಸ್ಪಷ್ಟವಾಗುತ್ತದೆ.

ಮಳೆ ಯಾರ ಅಪ್ಪಣೆಯನ್ನೂ ಕಾಯದೆ ಬರುತ್ತದೆ, ಹಕ್ಕಿ ಯಾರೂ ಕರೆಯದೆ ಕೆರೆಗೆ ಇಳಿಯುತ್ತದೆ. ಮಗುವಿನ ಬಾಲ್ಯವೂ ಹಾಗೆಯೇ ತಾನಾಗಿ ಬರುತ್ತದೆ; ಆದರೆ ಅದು ಋತುವಿನಂತೆ ಮತ್ತೆ ಮರಳಿ ಬರುವುದಿಲ್ಲ. ಆರರಿಂದ ಹನ್ನೆರಡರ ನಡುವಣ ಆರು ಮಳೆಗಾಲಗಳು, ಆರು ಬೇಸಗೆಗಳು ಪುಸ್ತಕವಿಲ್ಲದೆ ಕಳೆದುಹೋದರೆ, ಮುಂದೆ ಎಷ್ಟು ದೊಡ್ಡ ಗ್ರಂಥಾಲಯದ ಬಾಗಿಲು ತೆರೆದರೂ ಒಳಗೆ ಹೋಗುವ ಅಭ್ಯಾಸವಿಲ್ಲದವನು ಹೊರಗೇ ನಿಲ್ಲುತ್ತಾನೆ. ಬಿತ್ತನೆಯ ಕಾಲದಲ್ಲಿ ಬೀಜವನ್ನು ಕಣಜದಲ್ಲಿಟ್ಟು ಕಾಯುವ ರೈತನನ್ನು ಯಾರೂ ಜಾಣನೆನ್ನರು. ಪುಸ್ತಕಗಳೂ ಬೀಜಗಳೇ, ಅವುಗಳ ಬೀಗದ ಕೈ ಹಿರಿಯರ ಬಳಿಯಲ್ಲಿದೆ, ಬಿತ್ತನೆಯ ಕಾಲವೂ ಬಂದಿದೆ.